ರೆಡ್‌ಹೇವನ್ ಪೀಚ್: ಕತ್ತರಿಗೆ ಹೆದರದವರಿಗೊಂದು ಬೆಳೆ ಕೈಪಿಡಿ

ಪೀಚ್ ಮರ ಕಾಯಿ ಕಟ್ಟುವುದು ಕಳೆದ ವರ್ಷ ಚಿಗುರಿದ ಕಡ್ಡಿಯ ಮೇಲೆ. ಒಮ್ಮೆ ಹಣ್ಣು ಬಿಟ್ಟ ಗೆಣ್ಣಿನಲ್ಲಿ ಮತ್ತೆ ಹೂವಾಗುವುದಿಲ್ಲ. ಸೇಬಿನ ಮರ ಹೀಗಲ್ಲ. ಅದರ ಗಿಡ್ಡ ಕವಲುಗಳು ಒಂದೇ ಜಾಗದಲ್ಲಿ ವರ್ಷ ವರ್ಷವೂ ಹೂ ಕೊಡುತ್ತವೆ. ಈ ವ್ಯತ್ಯಾಸ ತಲೆಯಲ್ಲಿ ಕುಳಿತರೆ ಪೀಚ್ ಬೇಸಾಯದ ಅರ್ಧ ಪಾಠ ಮುಗಿದಂತೆ. ನೀರು, ಗೊಬ್ಬರ, ಸವರಿಕೆ, ಕಾಯಿ ಕೀಳುವುದು, ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಮುಂದಿನ ವರ್ಷ ಹೂ ಬಿಡಲು ಈ ವರ್ಷ ಹೊಸ ಕಡ್ಡಿ ಬರುತ್ತಿದೆಯೇ?

ನನ್ನ ಮೊದಲ ಗಿಡವನ್ನು ಪಾಪ ಎಂದುಕೊಂಡು ಮೂರು ವರ್ಷ ಕತ್ತರಿ ಮುಟ್ಟಿಸದೆ ಸಾಕಿದೆ. ಮರವೇನೋ ಎತ್ತರವಾಯಿತು. ಆದರೆ ಹೂವೆಲ್ಲ ಕೈಗೆಟುಕದ ತುದಿಗೆ ಹೋಯಿತು, ಕೆಳಗಿನ ಕೊಂಬೆಗಳು ಬೋಳಾದವು, ಸಿಕ್ಕ ಕಾಯಿಗಳು ಗೋಲಿಯಷ್ಟೇ ಇದ್ದವು. ಹಾಗಾಗಿ ಈ ಬರಹದಲ್ಲಿ ಕತ್ತರಿಯ ಮಾತೇ ಹೆಚ್ಚು, ಓದುಗರು ಬೇಸರಿಸಬಾರದು.

ರೆಡ್‌ಹೇವನ್ ಎಂಥ ತಳಿ?

ಈ ತಳಿ ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಸೌತ್ ಹೇವನ್ ಪ್ರಯೋಗ ಕೇಂದ್ರದಲ್ಲಿ. ಹೇಲ್‌ಹೇವನ್ ಮತ್ತು ಕಾಲ್‌ಹೇವನ್ ಎಂಬ ಎರಡು ತಳಿಗಳನ್ನು ಸಂಕರ ಮಾಡಿ ಸ್ಟಾನ್ಲಿ ಜಾನ್‌ಸ್ಟನ್ ಇದನ್ನು ಪಡೆದರು. 1940ರಲ್ಲಿ ಬೆಳೆಗಾರರ ಕೈಗೆ ಬಂತು. ಸೌತ್ ಹೇವನ್ ಇರುವುದು ಮಿಷಿಗನ್ ಸರೋವರದ ಪೂರ್ವ ದಡದಲ್ಲಿ. ವಸಂತದಲ್ಲಿ ಸರೋವರದ ತಣ್ಣನೆಯ ಗಾಳಿ ಹೂ ಅರಳುವುದನ್ನು ತಡಮಾಡುತ್ತದೆ, ತಡವಾಗಿ ಅರಳಿದ ಹೂವು ಋತುವಿನ ಕೊನೆಯ ಕೊರೆಯುವ ಚಳಿಯಿಂದ ತಪ್ಪಿಸಿಕೊಳ್ಳುತ್ತದೆ. ಅಷ್ಟು ಉತ್ತರದಲ್ಲೂ ಪೀಚ್ ಬೆಳೆಯಲು ಸಾಧ್ಯವಾಗಿದ್ದು ಹೀಗೆ.

ಹಣ್ಣು ಮಧ್ಯಮ ಗಾತ್ರದ್ದು. ಹಳದಿ ಸಿಪ್ಪೆಯ ಬಹುಭಾಗವನ್ನು ಕೆಂಪು ಆವರಿಸಿರುತ್ತದೆ, ರೋಮ ಕಡಿಮೆ. ತಿರುಳು ಹಳದಿ, ಗಟ್ಟಿ, ಕೊಯ್ದಿಟ್ಟರೆ ಬೇಗ ಕಂದಾಗುವುದಿಲ್ಲ. ಪೂರ್ತಿ ಹಣ್ಣಾದಾಗ ಗೊರಟೆ ಬಿಟ್ಟುಕೊಳ್ಳುತ್ತದೆ, ಸ್ವಲ್ಪ ಕಾಯಿಯಾಗಿದ್ದರೆ ತಿರುಳಿಗೆ ಅಂಟಿಕೊಂಡೇ ಇರುತ್ತದೆ. ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಒಂಟಿ ಮರ ಸಾಕು, ಜೋಡಿ ಬೇಡ. ಎಲೆ ಮತ್ತು ಕಾಯಿಯ ಮೇಲೆ ಚುಕ್ಕೆ ಬರಿಸುವ ಬ್ಯಾಕ್ಟೀರಿಯಾ ರೋಗವನ್ನು ಬೇರೆ ಹಲವು ತಳಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಪೀಚ್ ಬೆಳೆಗಾರರಿಗೆ ಇದು ಅಳತೆಗೋಲು ಕೂಡ ಹೌದು. ಬೇರೆ ತಳಿ ಯಾವಾಗ ಹಣ್ಣಾಗುತ್ತದೆ ಎಂದು ಹೇಳಲು ‘ರೆಡ್‌ಹೇವನ್‌ಗಿಂತ 10 ದಿನ ಮೊದಲು’, ‘ರೆಡ್‌ಹೇವನ್ ಆದ 20 ದಿನಕ್ಕೆ’ ಎಂದು ಸಸ್ಯಪಟ್ಟಿಗಳಲ್ಲಿ ಬರೆಯುವ ರೂಢಿಯಿದೆ.

ನೆಕ್ಟರಿನ್ ಬೇಕೆನ್ನುವವರಿಗೆ ಒಂದು ಮಾತು. ನೆಕ್ಟರಿನ್ ಬೇರೆ ಜಾತಿಯ ಹಣ್ಣೇನಲ್ಲ, ರೋಮವಿಲ್ಲದ ಪೀಚ್ ಅಷ್ಟೆ. ಒಂದೇ ಒಂದು ಜೀನ್‌ನ ವ್ಯತ್ಯಾಸ. ಪೀಚ್ ಮರದ ಯಾವುದೋ ಕೊಂಬೆಯಲ್ಲಿ ತಾನಾಗಿಯೇ ನೆಕ್ಟರಿನ್ ಬಿಟ್ಟ ಉದಾಹರಣೆಗಳಿವೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅದಕ್ಕೂ ಹೊಂದುತ್ತದೆ. ಆದರೆ ರೋಮದ ರಕ್ಷಣೆ ಇಲ್ಲದ ಆ ನುಣುಪು ಸಿಪ್ಪೆಗೆ ಕೀಟದ ಗಾಯ, ಕೊಂಬೆಯ ಉಜ್ಜು, ಕೊಳೆ ರೋಗ ಬೇಗ ತಟ್ಟುತ್ತವೆ. ಮೊದಲ ಗಿಡವಾಗಿ ಪೀಚನ್ನೇ ನೆಡಿ ಎನ್ನುತ್ತೇನೆ.

ಮೊದಲ ಹೆಜ್ಜೆ: ಚಳಿಯ ಲೆಕ್ಕ

ಗಿಡ ಕೊಳ್ಳುವ ಮೊದಲು ನಿಮ್ಮ ಜಾಗದ ಚಳಿಯ ಲೆಕ್ಕ ಹಾಕಿ. ಪೀಚ್ ಮರ ಎಲೆ ಉದುರಿಸಿ ನಿದ್ದೆಗೆ ಜಾರಿದ ಮೇಲೆ, ಇಷ್ಟು ಗಂಟೆ ತಂಪು ಸಿಕ್ಕಿದ ಹೊರತು ಎಚ್ಚರವಾಗುವುದಿಲ್ಲ. ಸಾಮಾನ್ಯವಾಗಿ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದ ಗಂಟೆಗಳನ್ನು ಎಣಿಸುತ್ತಾರೆ. ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿನ ಕಡು ಚಳಿಯಿಂದ ಹೆಚ್ಚು ಪ್ರಯೋಜನವಿಲ್ಲ. ನಡುನಡುವೆ ಬರುವ ಬೆಚ್ಚನೆಯ ಹಗಲುಗಳು ಗಳಿಸಿದ್ದನ್ನು ಸ್ವಲ್ಪ ಅಳಿಸಿಯೂ ಹಾಕುತ್ತವೆ.

ರೆಡ್‌ಹೇವನ್‌ಗೆ ಬೇಕಾದದ್ದು ಸುಮಾರು 800ರಿಂದ 950 ಗಂಟೆ. ಅಂದರೆ ಬಿಡುವಿಲ್ಲದೆ ಎಣಿಸಿದರೂ 33ರಿಂದ 40 ದಿನ. ಅಷ್ಟು ಸಿಗದಿದ್ದರೆ ಮರ ಸಾಯುವುದಿಲ್ಲ, ಅರೆನಿದ್ದೆಯಲ್ಲಿ ಉಳಿಯುತ್ತದೆ. ಇಲ್ಲೊಂದು ಅಲ್ಲೊಂದು ಹೂ, ತಿಂಗಳು ತಡವಾಗಿ ಚಿಗುರು, ಉದ್ದಕ್ಕೂ ಬೋಳು ಕೊಂಬೆ. ಗೊಬ್ಬರ ಸುರಿದು ಇದನ್ನು ಸರಿಪಡಿಸಲು ಬರುವುದಿಲ್ಲ. ಚಳಿ ಕಡಿಮೆ ಇರುವ ಕಡೆ ರೆಡ್‌ಹೇವನ್ ಆಸೆ ಬಿಟ್ಟು ಕಡಿಮೆ ಚಳಿಯ ತಳಿ ಹುಡುಕಿ. ಫ್ಲಾರಿಡಾ ವಿಶ್ವವಿದ್ಯಾಲಯ ಬೆಳೆಸಿದ ಫ್ಲೋರ್ಡಾಪ್ರಿನ್ಸ್‌ಗೆ ಸುಮಾರು 150 ಗಂಟೆ ಸಾಕು. ಅದಕ್ಕೂ ಮುಂದೆ ಹೇಳುವ ಸವರಿಕೆಯೇ. ಅದೇ ತಳಿಯನ್ನು ಕಡು ಚಳಿಯ ಕಡೆ ನೆಟ್ಟರೆ ಮಾತ್ರ ಬಹುಬೇಗ ಎಚ್ಚೆತ್ತು ಹೂ ಸುಟ್ಟುಕೊಳ್ಳುತ್ತದೆ.

ಹೂವಿನ ಹೊತ್ತಿನ ಚಳಿ ಬೇರೆಯೇ ಕಥೆ. ಊದಿಕೊಳ್ಳುತ್ತಿರುವ ಮೊಗ್ಗು ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದೀತು. ಪೂರ್ತಿ ಅರಳಿದ ಹೂವಿನಲ್ಲಿ ಮೈನಸ್ 2.8 ಡಿಗ್ರಿಗೆ ಹತ್ತರಲ್ಲಿ ಒಂದು, ಮೈನಸ್ 4.4ಕ್ಕೆ ಹತ್ತರಲ್ಲಿ ಒಂಬತ್ತು ಸಾಯುತ್ತವೆ. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುವುದರಿಂದ ಗುಂಡಿ ಜಾಗ ಬಿಟ್ಟು ಇಳಿಜಾರಿನ ಮೇಲ್ಭಾಗದಲ್ಲಿ ನೆಡಬೇಕು. ಒಂದೆರಡು ಡಿಗ್ರಿಯ ಆ ವ್ಯತ್ಯಾಸವೇ ಬೆಳೆ ಉಳಿಸುತ್ತದೆ.

ಎರಡನೆಯ ಹೆಜ್ಜೆ: ಜಾಗ, ಮಣ್ಣು, ಬೇರು

ದಿನಕ್ಕೆ ಕನಿಷ್ಠ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಮಣ್ಣಿನ ಪಿಎಚ್ 6ರಿಂದ 7ರ ನಡುವೆ ಇದ್ದರೆ ಒಳ್ಳೆಯದು. ಇವೆರಡಕ್ಕಿಂತ ಮುಖ್ಯ, ನೀರು ಬಸಿಯುವುದು. ನೀರು ನಿಂತ ಮಣ್ಣಿನಲ್ಲಿ ಪೀಚ್ ಬೇರು ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಮೊಣಕಾಲುದ್ದ ಗುಂಡಿ ತೋಡಿ, ಒಮ್ಮೆ ನೀರು ತುಂಬಿಸಿ ಇಂಗಲು ಬಿಡಿ, ಮತ್ತೆ ತುಂಬಿಸಿ. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಆ ಜಾಗ ಬೇಡ. ಬೇರೆ ಜಾಗವೇ ಇಲ್ಲವೆಂದರೆ ಒಂದೂವರೆ ಅಡಿ ಎತ್ತರದ ದಿಬ್ಬ ಹಾಕಿ ಅದರ ಮೇಲೆ ನೆಡಿ.

ಹಿಂದೆ ಪೀಚ್ ಇದ್ದ ಗುಂಡಿಯಲ್ಲೇ ಹೊಸ ಪೀಚ್ ನೆಡಬಾರದು. ಹಳೆಯ ಬೇರುಗಳು ಕೊಳೆಯುವಾಗ ಅವುಗಳಲ್ಲಿರುವ ಪ್ರುನಾಸಿನ್ ಎಂಬ ಪದಾರ್ಥ ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಜೊತೆಗೆ ಹಳೆಯ ಮರದ ಬೇರಿಗೆ ಹತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು (ನೆಮಟೋಡ್), ಶಿಲೀಂಧ್ರಗಳೂ ಕಾದು ಕುಳಿತಿರುತ್ತವೆ.

ಗಿಡ ಕೊಳ್ಳುವಾಗ ಎಲ್ಲರೂ ಮೇಲಿನ ತಳಿಯ ಹೆಸರು ಕೇಳುತ್ತಾರೆ, ಅದನ್ನು ಕಸಿ ಕಟ್ಟಿದ ಕೆಳಗಿನ ಬೇರುಗಿಡ ಯಾವುದೆಂದು ಕೇಳುವವರು ಕಡಿಮೆ. ಕೇಳಲೇಬೇಕು. ಬೇರುಗಂಟು ಮಾಡುವ ಜಂತುಹುಳು ಇರುವ ಮರಳು ಮಣ್ಣಿಗೆ ನೆಮಾಗಾರ್ಡ್ ಸರಿ, ಆದರೆ ಅದು ಕಡು ಚಳಿ ತಡೆಯುವುದಿಲ್ಲ. ಸುಣ್ಣದ ಅಂಶ ಜಾಸ್ತಿಯಿರುವ ಮಣ್ಣಿನಲ್ಲಿ ಸಾಮಾನ್ಯ ಪೀಚ್ ಬೇರಿಗೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ಅಲ್ಲಿ ಬಾದಾಮಿ ಮತ್ತು ಪೀಚ್ ಬೆರೆಸಿದ ಜಿಎಫ್ 677 ನಿಭಾಯಿಸುತ್ತದೆ. ಚಳಿಯ ಸೀಮೆಗೆ ಲೋವೆಲ್ ಹಳೆಯ, ನಂಬಿಕಸ್ತ ಬೇರು. ಗೊರಟೆ ಹಾಕಿ ಬೆಳೆಸಿದ ಗಿಡವೂ ಹಣ್ಣು ಬಿಡುತ್ತದೆ, ಆದರೆ ಅದು ರೆಡ್‌ಹೇವನ್ ಆಗಿರುವುದಿಲ್ಲ.

ಮೂರನೆಯ ಹೆಜ್ಜೆ: ನೆಡುವುದು, ತಲೆ ಕತ್ತರಿಸುವುದು

ಗಿಡ ಎಲೆ ಉದುರಿಸಿ ಮಲಗಿರುವ ಕಾಲದಲ್ಲಿ ನೆಡಿ. ಎರಡು ಮೂರು ವರ್ಷದ ದೊಡ್ಡ ಗಿಡಕ್ಕಿಂತ ಒಂದು ವರ್ಷದ, ಹೆಬ್ಬೆರಳು ದಪ್ಪದ ಕಡ್ಡಿಗಿಡ ಮೇಲು. ಮರದಿಂದ ಮರಕ್ಕೆ 5ರಿಂದ 6 ಮೀಟರ್ ಇರಲಿ. ಗುಂಡಿ ಬೇರು ಹರಡುವಷ್ಟು ಅಗಲವಾಗಿರಬೇಕು, ಬೇರಿಗಿಂತ ಆಳ ಬೇಡ. ಕಸಿ ಗಂಟು ನೆಲದಿಂದ ನಾಲ್ಕು ಬೆರಳು ಮೇಲಿರಬೇಕು. ಗುಂಡಿಗೆ ರಾಸಾಯನಿಕ ಗೊಬ್ಬರ ಹಾಕಬೇಡಿ, ಎಳೆ ಬೇರು ಸುಡುತ್ತದೆ. ತೆಗೆದ ಮಣ್ಣನ್ನೇ ಮುಚ್ಚಿ, ತುಳಿದು, ಬುಡ ತುಂಬ ನೀರು ಕೊಡಿ.

ಈಗ ಕಷ್ಟದ ಕೆಲಸ. ಆಗಷ್ಟೇ ನೆಟ್ಟ, ಆಳೆತ್ತರದ ಆ ಗಿಡವನ್ನು ನೆಲದಿಂದ 60ರಿಂದ 75 ಸೆಂಟಿಮೀಟರ್‌ಗೆ ಕತ್ತರಿಸಿ ಹಾಕಬೇಕು. ಪಕ್ಕದ ಸಣ್ಣ ಕವಲುಗಳಿದ್ದರೆ ಅವೂ ಹೋಗಬೇಕು. ನೋಡಿದವರು ಬೈಯುತ್ತಾರೆ, ಬೈಯಲಿ. ಅಗೆದು ತಂದ ಗಿಡದ ಅರ್ಧಕ್ಕಿಂತ ಹೆಚ್ಚು ಬೇರು ತೋಟದಲ್ಲೇ ಉಳಿದಿರುತ್ತದೆ. ಉಳಿದ ಬೇರಿಗೆ ಸಾಕಲಾಗುವಷ್ಟೇ ಮೇಲ್ಭಾಗ ಇರಬೇಕು. ಮೇಲಾಗಿ, ಮುಂದಿನ ಮರದ ಕೊಂಬೆಗಳು ಸೊಂಟದ ಎತ್ತರದಿಂದ ಹೊರಡಬೇಕಾದರೆ ಇದೊಂದೇ ದಾರಿ.

ಮೊದಲ ಬೇಸಿಗೆಯಲ್ಲಿ ಬರುವ ಚಿಗುರುಗಳಲ್ಲಿ ಮೂರು ಅಥವಾ ನಾಲ್ಕನ್ನು ಆರಿಸಿ. ಅವು ಕಾಂಡದ ಸುತ್ತ ಬೇರೆ ಬೇರೆ ದಿಕ್ಕಿಗಿರಬೇಕು, ಒಂದೇ ಗೆಣ್ಣಿನಿಂದ ಹೊರಟಿರಬಾರದು, ಕಾಂಡದೊಂದಿಗೆ 45ರಿಂದ 50 ಡಿಗ್ರಿ ಕೋನದಲ್ಲಿ ಬಾಗಿರಬೇಕು. ಕೋನ ಕಿರಿದಾದ ಕವಲು ಫಲದ ಭಾರಕ್ಕೆ ಬುಡದಲ್ಲೇ ಸೀಳುತ್ತದೆ. ಎಳೆಯದಿರುವಾಗ ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಚಿಗುರಿನ ಬುಡಕ್ಕೆ ಒತ್ತಿ ಹಾಕಿದರೆ ಅದು ತಾನೇ ಹೊರಕ್ಕೆ ವಾಲುತ್ತದೆ. ನಡುವಿನ ಚಿಗುರನ್ನು ತೆಗೆದುಬಿಡಿ. ಎರಡು ಮೂರು ವರ್ಷದಲ್ಲಿ ಮರ ಹೂದಾನಿಯ ಆಕಾರಕ್ಕೆ ಬರುತ್ತದೆ. ಸುತ್ತ ಕೊಂಬೆ, ನಡುವೆ ಖಾಲಿ, ಬಿಸಿಲು ನೇರ ಒಳಗೆ.

ಪ್ರತಿ ವರ್ಷದ ಸವರಿಕೆ

ಮೊದಲು ಮೊಗ್ಗು ಓದಲು ಕಲಿಯಿರಿ. ಕಳೆದ ವರ್ಷದ ಕಡ್ಡಿ ಕೆಂಪಗೆ, ನುಣ್ಣಗೆ ಇರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಒರಟಾಗಿರುತ್ತದೆ. ಕೆಂಪು ಕಡ್ಡಿಯ ಗೆಣ್ಣುಗಳಲ್ಲಿ ಹೆಚ್ಚಾಗಿ ಮೂರು ಮೊಗ್ಗು ಕಾಣುತ್ತವೆ. ನಡುವಿನ ಚೂಪಾದ, ತೆಳ್ಳಗಿನದು ಎಲೆಮೊಗ್ಗು. ಎರಡು ಬದಿಯ ದುಂಡನೆಯ, ಮೃದು ರೋಮದ ಮೊಗ್ಗುಗಳು ಹೂವಿನವು. ಮೂರೂ ಇರುವ ಗೆಣ್ಣು ಚಿನ್ನದಂಥದ್ದು: ಹಣ್ಣೂ ಅಲ್ಲೇ, ಅದಕ್ಕೆ ಊಟ ಒದಗಿಸುವ ಎಲೆಯೂ ಅಲ್ಲೇ.

ಉಳಿಸಿಕೊಳ್ಳಬೇಕಾದದ್ದು ಪೆನ್ಸಿಲ್ ದಪ್ಪದ, 30ರಿಂದ 60 ಸೆಂಟಿಮೀಟರ್ ಉದ್ದದ ಕೆಂಪು ಕಡ್ಡಿಗಳು. ಅದಕ್ಕಿಂತ ತೆಳ್ಳಗಿನವು, ನೆಲಕ್ಕೆ ಜೋತುಬಿದ್ದವು ಸಣ್ಣ ಹಣ್ಣು ಕೊಡುತ್ತವೆ. ಬೆರಳು ದಪ್ಪದಲ್ಲಿ ನೆಟ್ಟಗೆ ಆಕಾಶಕ್ಕೆ ಹೊರಟ ನೀರುಗವಲುಗಳಲ್ಲಿ ಹೂವೇ ಅಪರೂಪ, ಅವು ನೆರಳು ಮಾಡಲಿಕ್ಕೆ ಮಾತ್ರ. ಇವೆರಡನ್ನೂ ಬುಡದಿಂದ ತೆಗೆಯಿರಿ. ಮರದ ಎತ್ತರ ಎರಡೂವರೆ ಮೀಟರ್ ದಾಟದಂತೆ, ಹೊರಕ್ಕೆ ಬಾಗಿದ ಪಕ್ಕದ ಕವಲೊಂದರ ಮೇಲ್ಭಾಗದಲ್ಲಿ ಮುಖ್ಯ ಕೊಂಬೆಯನ್ನು ಮೊಟಕುಗೊಳಿಸಿ. ಉಳಿದ ಹಣ್ಣಿನ ಕಡ್ಡಿಗಳ ನಡುವೆ ಅಂಗೈ ಅಗಲದ ಅಂತರ ಇರಲಿ. ಕೆಲಸ ಮುಗಿದಾಗ ಕಳೆದ ವರ್ಷದ ಬೆಳವಣಿಗೆಯ ಸುಮಾರು ಅರ್ಧ ನೆಲದ ಮೇಲೆ ಬಿದ್ದಿರಬೇಕು. ಅಷ್ಟು ಬಿದ್ದಿಲ್ಲವೆಂದರೆ ಇನ್ನೊಂದು ಸುತ್ತು ಹೊಡೆಯಿರಿ.

ಯಾವಾಗ? ಚಳಿಗಾಲದ ಕೊನೆಯಲ್ಲಿ, ಮೊಗ್ಗು ಊದಿಕೊಳ್ಳುವ ಹೊತ್ತಿಗೆ. ಎಲೆ ಉದುರಿದ ಕೂಡಲೇ ಸವರಿದ ಮರ ಚಳಿಯನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ತಡ ಮಾಡಿದರೆ ಇನ್ನೊಂದು ಲಾಭ: ಚಳಿಗೆ ಎಷ್ಟು ಹೂಮೊಗ್ಗು ಸತ್ತಿದೆ ಎಂದು ಮೊದಲೇ ತಿಳಿಯುತ್ತದೆ. ಒಂದೆರಡು ಹೂಮೊಗ್ಗನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ನಡುವೆ ಹಸಿರಿದ್ದರೆ ಜೀವ ಇದೆ, ಕಪ್ಪು ಚುಕ್ಕೆಯಿದ್ದರೆ ಇಲ್ಲ. ಬಹಳ ಸತ್ತಿದ್ದರೆ ಆ ವರ್ಷ ಕತ್ತರಿ ಹಗುರವಾಗಿ ಆಡಿಸಿ. ಮಳೆ ದಿನ ಮಾತ್ರ ಬೇಡವೇ ಬೇಡ, ಹಸಿ ಗಾಯದಲ್ಲಿ ಕಾಂಡಹುಣ್ಣಿನ ರೋಗಾಣು ಸೇರುತ್ತದೆ.

ಕಾಯಿ ಕೀಳುವುದು

ರೆಡ್‌ಹೇವನ್ ಕಾಯಿ ಕಟ್ಟುವುದರಲ್ಲಿ ಮಿತಿ ಅರಿಯದ ತಳಿ. ತಾನಾಗಿ ಉದುರುವುದನ್ನು ಬಿಟ್ಟೂ ಕಡ್ಡಿಯ ತುಂಬ ದ್ರಾಕ್ಷಿಯಂತೆ ಕಾಯಿ ನಿಲ್ಲುತ್ತದೆ. ಒಂದು ಹಣ್ಣು ಸರಿಯಾಗಿ ತುಂಬಿಕೊಳ್ಳಲು 30ರಿಂದ 40 ಎಲೆಗಳ ದುಡಿಮೆ ಬೇಕು. ಲೆಕ್ಕ ಹಾಕಿದರೆ ಹತ್ತರಲ್ಲಿ ಎಂಟು ಒಂಬತ್ತು ಕಾಯಿ ಹೆಚ್ಚುವರಿ.

ಹೂ ಅರಳಿದ 4ರಿಂದ 6 ವಾರದೊಳಗೆ, ಕಾಯಿ ಎರಡು ಸೆಂಟಿಮೀಟರ್ ಆಸುಪಾಸು ಇರುವಾಗ, ಕೈಯಿಂದ ತಿರುಚಿ ತೆಗೆಯಿರಿ. ಕಾಯಿಯಿಂದ ಕಾಯಿಗೆ 15ರಿಂದ 20 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಗೇಣು. ಜೋಡಿ ಕಾಯಿ, ಸೊಟ್ಟ ಕಾಯಿ, ಕೀಟ ಕಚ್ಚಿದ್ದು ಮೊದಲು ಹೋಗಲಿ. ಗೊರಟೆ ಗಟ್ಟಿಯಾದ ಮೇಲೆ ಕಿತ್ತರೆ ಕೊಂಬೆಯ ಭಾರ ಇಳಿಯುತ್ತದೆಯೇ ಹೊರತು ಉಳಿದ ಹಣ್ಣು ಅಷ್ಟೇನೂ ದೊಡ್ಡದಾಗುವುದಿಲ್ಲ. ಗೊರಟೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಒಂದು ಕಾಯಿಯನ್ನು ಚಾಕುವಿನಿಂದ ಕೊಯ್ಯಿರಿ. ಸಲೀಸಾಗಿ ಹೋದರೆ ಸಮಯವಿದೆ, ಚಾಕು ತಡೆದರೆ ಮುಗಿಯಿತು.

ನನ್ನ ಕೈ ಈಗಲೂ ಒಂದಷ್ಟು ಜಾಸ್ತಿಯೇ ಬಿಡುತ್ತದೆ. ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ: ಕಿತ್ತದ್ದನ್ನು ಬುಟ್ಟಿಗೆ ಹಾಕದೆ ನೆಲಕ್ಕೇ ಬಿಡುವುದು. ತುಂಬಿದ ಬುಟ್ಟಿ ಕಂಡರೆ ಮನಸ್ಸು ಹಿಂಜರಿಯುತ್ತದೆ. ಕೆಲಸ ಮುಗಿದ ಮೇಲೆ ಗುಡಿಸಿ ತೆಗೆದರಾಯಿತು.

ನೀರು ಮತ್ತು ಗೊಬ್ಬರ

ಕಾಯಿ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಮೊದಲು ಬೇಗ, ಗೊರಟೆ ಗಟ್ಟಿಯಾಗುವಾಗ ನಿಂತಂತೆ, ಕೊನೆಯ ಮೂರು ನಾಲ್ಕು ವಾರದಲ್ಲಿ ಮತ್ತೆ ನಾಗಾಲೋಟ. ಹಣ್ಣಿನ ತೂಕದ ದೊಡ್ಡ ಪಾಲು ಸೇರುವುದು ಈ ಕೊನೆಯ ಓಟದಲ್ಲಿ. ನೀರಿಗೆ ಬರವಿದ್ದರೆ ನಡುವಿನ ಹಂತದಲ್ಲಿ ಉಳಿಸಿ ಕೊನೆಗೆ ಕೊಡಿ. ಒಣಗಿಸಿ ಒಮ್ಮೆಲೇ ಸುರಿದರೆ ಗೊರಟೆ ಸೀಳುತ್ತದೆ, ಸಿಪ್ಪೆಯೂ ಬಿರಿಯಬಹುದು. ಬುಡದ ಸುತ್ತ ತರಗೆಲೆ, ಹುಲ್ಲಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.

ಗೊಬ್ಬರ ಎಷ್ಟು ಎಂದು ಚೀಲದ ಮೇಲೆ ಓದುವುದಕ್ಕಿಂತ ಮರವನ್ನೇ ಕೇಳುವುದು ಲೇಸು. ಫಲ ಬಿಡುವ ಮರದ ಹೊಸ ಕಡ್ಡಿಗಳು ವರ್ಷಕ್ಕೆ 30ರಿಂದ 45 ಸೆಂಟಿಮೀಟರ್ ಬೆಳೆದರೆ ಸಾರಜನಕ ಸರಿಯಾಗಿದೆ. ಕಡಿಮೆಯಿದ್ದರೆ ಹೂ ಬಿಡುವ ಹೊತ್ತಿಗೆ ಸ್ವಲ್ಪ ಹೆಚ್ಚಿಸಿ, ಮೀರಿದ್ದರೆ ಒಂದು ವರ್ಷ ನಿಲ್ಲಿಸಿ. ನಡುಬೇಸಿಗೆ ಕಳೆದ ಮೇಲೆ ಸಾರಜನಕ ಕೊಡಬಾರದು, ಬಲಿಯದ ಚಿಗುರು ಚಳಿಗೆ ಸುಡುತ್ತದೆ.

ರೋಗ, ಕೀಟ

ಎಲೆ ಮುದುಡು ರೋಗವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಳೆ ಎಲೆಗಳು ಕೆಂಪಗೆ ಉಬ್ಬಿ, ದಪ್ಪನಾಗಿ, ಸುಕ್ಕುಗಟ್ಟಿ ಸುರುಳಿಕೊಳ್ಳುತ್ತವೆ. ಟಾಫ್ರಿನಾ ಡಿಫಾರ್ಮನ್ಸ್ ಎಂಬ ಶಿಲೀಂಧ್ರ ಮೊಗ್ಗು ಬಿರಿಯುವ ಹೊತ್ತಿನ ತಂಪಿನಲ್ಲಿ, ಒದ್ದೆಯಲ್ಲಿ ಒಳನುಗ್ಗುತ್ತದೆ. ಎಲೆ ಉಬ್ಬಿದ್ದು ಕಂಡ ಮೇಲೆ ಏನು ಸಿಂಪಡಿಸಿದರೂ ದುಡ್ಡು ದಂಡ. ತಾಮ್ರದ ಔಷಧಿ, ಬೋರ್ಡೋ ದ್ರಾವಣ ಆದರೂ ಸರಿ, ಎಲೆ ಪೂರ್ತಿ ಉದುರಿದ ಮೇಲೆ ಒಮ್ಮೆ, ಮೊಗ್ಗು ಊದುವ ಮುಂಚೆ ಇನ್ನೊಮ್ಮೆ ಸಿಂಪಡಿಸಬೇಕು. ಪ್ರತಿ ಕಡ್ಡಿಯೂ ನೆನೆಯಬೇಕು. ಎಲೆ ಬಂದ ಮರಕ್ಕೆ ತಾಮ್ರ ಹೊಡೆಯಬೇಡಿ, ಪೀಚ್ ಎಲೆ ಸುಟ್ಟುಹೋಗುತ್ತದೆ.

ಹಣ್ಣಾಗುವ ಹೊತ್ತಿನ ಶತ್ರು ಕಂದು ಕೊಳೆ. ಬೂದು ಪುಡಿಯ ಚುಕ್ಕೆಯಾಗಿ ಶುರುವಾಗಿ ಎರಡು ದಿನದಲ್ಲಿ ಹಣ್ಣನ್ನೇ ನುಂಗುತ್ತದೆ. ಕೊಳೆತು ಒಣಗಿ ಕೊಂಬೆಗೇ ಅಂಟಿಕೊಂಡ ಹಣ್ಣುಗಳಲ್ಲಿ ಮುಂದಿನ ವರ್ಷದ ರೋಗ ಕುಳಿತಿರುತ್ತದೆ. ಸವರುವಾಗ ಒಂದನ್ನೂ ಬಿಡದೆ ಕಿತ್ತು ಹೂಳಿ.

ಕಾಂಡದ ಬುಡದಲ್ಲಿ ಅಂಟು ಸುರಿಯುತ್ತಿದ್ದರೆ ಹತ್ತಿರ ಹೋಗಿ ನೋಡಿ. ತಿಳಿ ಅಂಟಾದರೆ ಗಾಯ ಅಥವಾ ಹುಣ್ಣು ಇರಬಹುದು. ಅಂಟಿನಲ್ಲಿ ಮರದ ಪುಡಿ ಬೆರೆತಿದ್ದರೆ ಒಳಗೆ ಕಾಂಡಕೊರಕ ಇದೆ. ಬುಡದ ಮಣ್ಣು ಸರಿಸಿ, ರಂಧ್ರದೊಳಗೆ ತಂತಿ ತೂರಿಸಿ ಹುಳುವನ್ನು ಚುಚ್ಚಿ ಕೊಲ್ಲಬೇಕು. ಸಸ್ಯಹೇನು ಚಿಗುರನ್ನು ಮುದುಡಿಸಿದರೆ ಜೋರು ನೀರಿನಿಂದ ತೊಳೆಯಿರಿ, ಸಾಮಾನ್ಯವಾಗಿ ಅಷ್ಟೇ ಸಾಕು.

ಕೊಯ್ಲು, ಮತ್ತು ಅದರ ನಂತರ

ಮೂರನೆಯ ವರ್ಷದಿಂದ ಹಣ್ಣು ನಿರೀಕ್ಷಿಸಬಹುದು. ಇಲ್ಲಿ ರೆಡ್‌ಹೇವನ್ ಒಂದು ಮೋಸ ಮಾಡುತ್ತದೆ. ಕೆಂಪು ಬಣ್ಣಕ್ಕೆಂದೇ ಮೆಚ್ಚುಗೆ ಪಡೆದ ಈ ತಳಿಯಲ್ಲಿ ಕೆಂಪು ಮೊದಲು ಬರುತ್ತದೆ, ಸಿಹಿ ಆಮೇಲೆ. ಕೆಂಪನ್ನು ನಂಬಿ ಕಿತ್ತರೆ ಹುಳಿ ಕಾಯಿ. ನೋಡಬೇಕಾದದ್ದು ಕೆಂಪಿನ ಹಿಂದಿರುವ ತಳದ ಬಣ್ಣ, ಅದೂ ತೊಟ್ಟಿನ ಸುತ್ತ. ಅಲ್ಲಿ ಹಸಿರು ಪೂರ್ತಿ ಅಳಿದು ಹಳದಿಯಾಗಿರಬೇಕು. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಕೈಗೆ ಬರಬೇಕು. ಬೆರಳ ತುದಿಯಿಂದ ಒತ್ತಿ ನೋಡಬೇಡಿ, ಒತ್ತಿದ ಜಾಗ ಮರುದಿನ ಕಂದಾಗುತ್ತದೆ. ಒಂದೇ ಮರದ ಹಣ್ಣೆಲ್ಲ ಒಂದೇ ದಿನ ಆಗುವುದಿಲ್ಲ; ಎರಡು ಮೂರು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಕೀಳಬೇಕು.

ಗಟ್ಟಿ ಹಣ್ಣನ್ನು ನೇರ ಫ್ರಿಜ್‌ಗೆ ಇಡಬೇಡಿ. ಸುಮಾರು 2ರಿಂದ 8 ಡಿಗ್ರಿಯ ನಡುವೆ ಒಂದೆರಡು ವಾರ ಇದ್ದ ಪೀಚ್‌ನ ತಿರುಳು ಹಿಟ್ಟು ಹಿಟ್ಟಾಗುತ್ತದೆ, ರಸ ಹೋಗುತ್ತದೆ. ಮನೆಯ ಫ್ರಿಜ್‌ಗಳು ಓಡುವುದು ಇದೇ ಉಷ್ಣಾಂಶದಲ್ಲಿ. ಹೊರಗೆ ಪೂರ್ತಿ ಹಣ್ಣಾಗಿಸಿ, ಆಮೇಲೆ ತಣ್ಣಗೆ ಮಾಡಿ, ಎರಡು ಮೂರು ದಿನದೊಳಗೆ ತಿಂದು ಮುಗಿಸಿ.

ಹಣ್ಣು ಖಾಲಿಯಾದ ಮೇಲೆ ಮರವನ್ನು ಮರೆಯುವವರು ಹೆಚ್ಚು. ಮುಂದಿನ ವರ್ಷದ ಹೂಮೊಗ್ಗುಗಳು ರೂಪುಗೊಳ್ಳುವುದು ಇದೇ ಬೇಸಿಗೆಯಲ್ಲಿ, ಅದೂ ಬಿಸಿಲು ಬಿದ್ದ ಕಡ್ಡಿಗಳಲ್ಲಿ. ನೀರು ನಿಲ್ಲಿಸಬೇಡಿ. ಹೂದಾನಿಯ ನಡುವೆ ನೆಟ್ಟಗೆ ಎದ್ದ ನೀರುಗವಲುಗಳನ್ನು ಎಳೆಯದಿರುವಾಗಲೇ ಕೈಯಿಂದ ಕಿತ್ತುಹಾಕಿ. ಆಮೇಲೆ ಮರದ ಕೆಳಗೆ ನಿಂತು ಮೇಲೆ ನೋಡಿ. ನಡುಹಗಲಲ್ಲಿ ಬುಡದ ಸುತ್ತ ಬಿಸಿಲಿನ ಚುಕ್ಕೆಗಳು ಬೀಳುತ್ತಿಲ್ಲವೆಂದರೆ ಇನ್ನೂ ನಾಲ್ಕು ಕವಲು ತೆಗೆಯುವುದಿದೆ.